ಒರಾಂಗುಟಾನ್ ಎಣಿಸುವುದಲ್ಲ, ಗೂಡು ಎಣಿಸುವುದು

ನಾಗರಹೊಳೆಯಲ್ಲಿ ಜಿಂಕೆ, ಕಡವೆ ಎಣಿಸಲು ಲೈನ್ ಟ್ರಾನ್ಸೆಕ್ಟ್ (ಕಾಡಿನಲ್ಲಿ ನೇರ ಗೆರೆ ಹಿಡಿದು, ಕಂಡದ್ದನ್ನು ಎಣಿಸುತ್ತ ಸಾಗುವ ದಾರಿ) ನಡೆದವರಿಗೆ ಬೋರ್ನಿಯೋದ ಈ ಕೆಲಸ ಅರ್ಧ ಗೊತ್ತಿರುವಂಥದ್ದೇ. ಆದರೆ ಇಲ್ಲಿ ಪ್ರಾಣಿ ಕಣ್ಣಿಗೆ ಬೀಳುವುದೇ ಅಪರೂಪ. ಒರಾಂಗುಟಾನ್ ಹೆಚ್ಚಾಗಿ ಒಂಟಿಯಾಗಿ, ಸದ್ದಿಲ್ಲದೆ ಮರದ ಮೇಲಿರುತ್ತದೆ. ದಿನವಿಡೀ ನಡೆದರೂ ಒಂದೂ ಕಾಣದೆ ಹೋಗಬಹುದು. ಆದರೆ ಅದು ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಹೊಸ ಗೂಡು ಕಟ್ಟುತ್ತದೆ. ಹಾಗಾಗಿ ನಾವು ಎಣಿಸುವುದು ಗೂಡನ್ನು. ಬೋರ್ನಿಯೋದ ಇಂಡೋನೇಷ್ಯಾ ಭಾಗವಾದ ಮಧ್ಯ ಕಾಲಿಮಂಟಾನಿನ ಸಬಂಗಾವ್ ಕಡೆಯ ಪೀಟ್ (ಅರೆಕೊಳೆತ ಸಸ್ಯಗಳ ದಪ್ಪ ಪದರದ ನೆಲ) ಜೌಗುಕಾಡಿನಲ್ಲಿ ನಾವು ಅನುಸರಿಸಿದ ಕ್ರಮ ಹೀಗಿದೆ.

ಲೈನ್ ಎಲ್ಲಿ ಹಾಕಬೇಕೆಂದು ನಕ್ಷೆಯ ಮೇಲೆಯೇ ತೀರ್ಮಾನಿಸಿಕೊಳ್ಳಿ. ಇರುವ ಕಾಲುದಾರಿ, ನದಿದಂಡೆ ಹಿಡಿದು ಹೋದರೆ ನಡಿಗೆ ಸುಲಭ, ಲೆಕ್ಕ ತಪ್ಪು. ನದಿಯಿಂದ ಒಳಕ್ಕೆ ಹೋದಂತೆ ಪೀಟ್ ಆಳವಾಗುತ್ತದೆ, ಕಾಡಿನ ಸ್ವರೂಪವೂ ಬದಲಾಗುತ್ತದೆ. ಲೈನ್‌ಗಳು ಆ ಎಲ್ಲ ಬಗೆಯ ಕಾಡನ್ನೂ ಮುಟ್ಟಬೇಕು. ದಿಕ್ಸೂಚಿ ಹಿಡಿದು ನೇರ ಒಂದೊಂದು ಕಿಲೋಮೀಟರ್, 25 ಮೀಟರಿಗೊಂದು ಗುರುತು. ದಾರಿ ಬಿಡಿಸುವಾಗ ಒಬ್ಬರು ನುಸುಳುವಷ್ಟೇ ಕಡಿಯಿರಿ, ಅಗಲ ಮಾಡಿದರೆ ಅದೇ ಮರಗಳ್ಳರ ರಸ್ತೆಯಾಗುತ್ತದೆ.

ನಡಿಗೆ ಗಂಟೆಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚಿರಬಾರದು. ನಡೆಯುತ್ತ ಮೇಲೆ ನೋಡಿದರೆ ಬೇರಿಗೆ ಎಡವಿ ಬೀಳುತ್ತೀರಿ, ಗೂಡೂ ಕಾಣುವುದಿಲ್ಲ. ಕೆಲವು ಹೆಜ್ಜೆಗೊಮ್ಮೆ ನಿಂತು ಮುಂದೆ, ಎರಡೂ ಪಕ್ಕ, ನೆತ್ತಿಯ ಮೇಲೆ, ಕೊನೆಗೆ ಹಿಂದಕ್ಕೂ ನೋಡಬೇಕು. ಹೋಗುವಾಗ ಎಲೆಯ ಮರೆಯಲ್ಲಿದ್ದದ್ದು ತಿರುಗಿ ನೋಡಿದಾಗ ಸಿಗುತ್ತದೆ. ಈ ವಿಧಾನದ ಇಡೀ ಗಣಿತ ನಿಂತಿರುವುದು ಲೈನಿನ ನೇರ ಮೇಲಿರುವ ಗೂಡು ಒಂದೂ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ. ತಪ್ಪುವುದೂ ಅಲ್ಲೇ, ಏಕೆಂದರೆ ಕತ್ತು ಸಹಜವಾಗಿ ಪಕ್ಕಕ್ಕೆ ಹೊರಳುತ್ತದೆ. ಸಂಜೆ ಲೆಕ್ಕ ಹಾಕುವಾಗ ಲೈನಿನಿಂದ 0–2 ಮೀಟರಿನಲ್ಲಿ ಸಿಕ್ಕ ಗೂಡುಗಳು 4–6 ಮೀಟರಿನಲ್ಲಿ ಸಿಕ್ಕವಕ್ಕಿಂತ ಎದ್ದುಕಾಣುವಷ್ಟು ಕಡಿಮೆಯಿದ್ದರೆ ಆ ಲೈನನ್ನು ಮತ್ತೆ ನಡೆಯಿರಿ, ಸಾಧ್ಯವಾದರೆ ಬೇರೆಯವರನ್ನು ಕಳಿಸಿ.

ಗೂಡು ಕಂಡ ಮೇಲೆ ಅದರ ನೇರ ಕೆಳಗೆ ಹೋಗಿ ನಿಂತು, ಅಲ್ಲಿಂದ ಲೈನಿಗೆ ಲಂಬವಾಗಿ ಟೇಪು ಹಿಡಿಯಬೇಕು. ಕಣ್ಣಂದಾಜು ಬೇಡ. ಅಂದಾಜಿನಲ್ಲಿ ಎಲ್ಲ ಗೂಡೂ 5, 10, 15 ಮೀಟರಿಗೇ ಬಂದು ಕೂರುತ್ತವೆ! ಅಳಿಲಿನ ಗೂಡು ಚಿಕ್ಕದು, ಎಲೆಯ ಉಂಡೆಯಂತೆ. ಹದ್ದಿನದು ಒಣಕಡ್ಡಿಯ ರಾಶಿ. ಒರಾಂಗುಟಾನ್ ಕೊಂಬೆಗಳನ್ನು ನಡುವಿಗೆ ಬಗ್ಗಿಸಿ ಮುರಿಯುತ್ತದೆ, ಆದರೆ ಅವು ಮರಕ್ಕೆ ಅಂಟಿಕೊಂಡೇ ಇರುತ್ತವೆ. ದುರ್ಬೀನಿನಲ್ಲಿ ಆ ಮುರಿತ ಹುಡುಕಿ. ಬಿಸಿಲು ಕರಡಿಯೂ ಮರದ ಮೇಲೆ ಅಟ್ಟಣೆ ಮಾಡುವುದರಿಂದ ಕಾಂಡದ ಮೇಲೆ ಉಗುರಿನ ಗೀರು ಇದೆಯೇ ನೋಡಿ.

ನಂತರ ದರ್ಜೆ: ಎಲೆ ಹಸಿರಿದ್ದರೆ ಎ, ಹಸಿರು ಕಂದು ಬೆರೆತಿದ್ದರೆ ಬಿ, ಪೂರ್ತಿ ಕಂದಾಗಿಯೂ ಗಟ್ಟಿಯಿದ್ದರೆ ಸಿ, ತೂತು ಬಿದ್ದು ಆಕಾಶ ಕಂಡರೆ ಡಿ, ಬರೀ ಕಡ್ಡಿ ಉಳಿದಿದ್ದರೆ ಇ.

ಇಷ್ಟು ಒಂದು ವಾರದಲ್ಲಿ ಕಲಿಯಬಹುದು. ಕಷ್ಟ ಇರುವುದು ಗೂಡಿನಿಂದ ಪ್ರಾಣಿಗೆ ಬರುವ ಲೆಕ್ಕದಲ್ಲಿ. 10 ಕಿಲೋಮೀಟರ್ ನಡೆದು 80 ಗೂಡು ಸಿಕ್ಕಿತು, ಪ್ರತಿ ಪಕ್ಕದ ಪರಿಣಾಮಕಾರಿ ಅಗಲ (ಅದರೊಳಗಿನ ಗೂಡು ಒಂದೂ ತಪ್ಪದೆ ಸಿಕ್ಕಂತೆ ಲೆಕ್ಕ ಹಿಡಿಯುವ ಅಗಲ) 15 ಮೀಟರ್ ಬಂತು ಎಂದುಕೊಳ್ಳಿ. ನೋಡಿದ ಜಾಗ 0.3 ಚದರ ಕಿಲೋಮೀಟರ್, ಅಂದರೆ ಚದರ ಕಿಲೋಮೀಟರಿಗೆ ಸುಮಾರು 267 ಗೂಡು. ಇದನ್ನು ಮೂರು ಸಂಖ್ಯೆಗಳಿಂದ ಭಾಗಿಸಬೇಕು: ಗೂಡು ಕಟ್ಟುವವರ ಪಾಲು (ಮರಿಗಳು ತಾಯಿಯ ಗೂಡಿನಲ್ಲೇ ಮಲಗುವುದರಿಂದ ಸುಮಾರು 0.9), ಒಂದು ಪ್ರಾಣಿ ದಿನಕ್ಕೆ ಕಟ್ಟುವ ಗೂಡು (ಹಗಲಿನ ವಿಶ್ರಾಂತಿಯ ಗೂಡೂ ಸೇರಿ 1.1 ಎನ್ನೋಣ), ಮತ್ತು ಗೂಡಿನ ಆಯಸ್ಸು, ಅಂದರೆ ಕಟ್ಟಿದ ಮೇಲೆ ಅದು ಎಷ್ಟು ದಿನ ಕಾಣುತ್ತದೆ ಎಂಬುದು. ಮೊದಲ ಎರಡು ಜಾಗದಿಂದ ಜಾಗಕ್ಕೆ ಹೆಚ್ಚು ಕದಲುವುದಿಲ್ಲ. ಮೂರನೆಯದು 200 ದಿನವಾದರೆ ಉತ್ತರ ಚದರ ಕಿಲೋಮೀಟರಿಗೆ 1.35 ಪ್ರಾಣಿ, 400 ದಿನವಾದರೆ 0.67. ಅದೇ ಕಾಡು, ಅದೇ ಗೂಡು, ಸಂಖ್ಯೆ ಅರ್ಧ.

ಆದರೂ ಬಹಳಷ್ಟು ತಂಡಗಳು ಎಲ್ಲಿಯದೋ ಆಯಸ್ಸನ್ನು ತಂದು ಇಲ್ಲಿಗೆ ಹಾಕುತ್ತವೆ. ಉಲಿನ್‌ನಂಥ ಗಟ್ಟಿಮರದ ಗೂಡು ಬಹುಕಾಲ ನಿಲ್ಲುತ್ತದೆ, ಮೆದುಮರದ್ದು ಬೇಗ ಉದುರುತ್ತದೆ, ಮಳೆ ಜಾಸ್ತಿಯಾದರೆ ಇನ್ನೂ ಬೇಗ. ಕಾಲುವೆ ತೋಡಿ ನೀರು ಬಸಿದ ಪೀಟ್‌ನಲ್ಲಂತೂ ನೆಲ ಕುಸಿದು ಮರವೇ ವಾಲಿ ಬೀಳುತ್ತದೆ. ಹೊಸ ಗೂಡುಗಳಿಗೆ ಕಟ್ಟಿದ ದಿನಾಂಕ ಬರೆದ ತಗಡು ಹೊಡೆದು, ತಿಂಗಳಿಗೊಮ್ಮೆಯಾದರೂ ಹೋಗಿ, ಪೂರ್ತಿ ಮಾಯವಾಗುವವರೆಗೆ ನೋಡಿ. ಬೇಸರದ ಕೆಲಸ, ವರ್ಷ ದಾಟುತ್ತದೆ. ‘ಮಾಯವಾಯಿತು’ ಎನ್ನುವುದಕ್ಕೆ ಲೈನಿನ ಎಣಿಕೆಯಲ್ಲೂ ಈ ಆಯಸ್ಸಿನ ಲೆಕ್ಕದಲ್ಲೂ ಒಂದೇ ಅರ್ಥವಿರಬೇಕು. ದರ್ಜೆ ಇ ಗೂಡನ್ನು ಅಲ್ಲಿ ಎಣಿಸಿ ಇಲ್ಲಿ ಮಾಯವಾಯಿತೆಂದು ಬಿಟ್ಟರೆ ಕಾಡಿನಲ್ಲಿ ಇಲ್ಲದ ಪ್ರಾಣಿಗಳು ಕಾಗದದ ಮೇಲೆ ಹುಟ್ಟುತ್ತವೆ.

ಅಷ್ಟು ಸಮಯವಿಲ್ಲದಿದ್ದರೆ, ಮೊದಲ ಸಲ ಕಂಡ ಗೂಡುಗಳಿಗೆಲ್ಲ ಗುರುತು ಹಾಕಿ, 60 ದಿನ ಬಿಟ್ಟು ಬಂದು ಹೊಸವನ್ನಷ್ಟೇ ಎಣಿಸಿ. ಹೊಸ ಗೂಡು ಸಾಮಾನ್ಯವಾಗಿ ಅಷ್ಟರಲ್ಲಿ ಅಳಿಯುವುದಿಲ್ಲವಾದ್ದರಿಂದ ಆಯಸ್ಸಿನ ಜಾಗದಲ್ಲಿ 60 ಹಾಕಿದರಾಯಿತು. ತೊಡಕೆಂದರೆ ಗೂಡು ಸಾಲುವುದಿಲ್ಲ. ಮೇಲಿನ ಉದಾಹರಣೆಯ 1.35 ಸಾಂದ್ರತೆಯಲ್ಲಿ 10 ಕಿಲೋಮೀಟರಿಗೆ ಸಿಗುವುದು ಸುಮಾರು 24. ನಂಬಬಹುದಾದ ಅಂದಾಜಿಗೆ 60–80 ಬೇಕು, ಅಂದರೆ 30 ಕಿಲೋಮೀಟರ್ ಲೈನ್.

ಫಲಿತಾಂಶ ಓದುವಾಗ ಒಂದು ಎಚ್ಚರಿಕೆ. ಪಕ್ಕದ ಕಾಡನ್ನು ಕಡಿದ ಮೇಲೆ ನಿಮ್ಮ ಲೈನಿನಲ್ಲಿ ಗೂಡು ಹೆಚ್ಚಬಹುದು. ಅದು ಸಂತತಿ ಬೆಳೆದದ್ದಲ್ಲ, ನೆಲೆ ಕಳೆದುಕೊಂಡವು ಇಲ್ಲಿ ಬಂದು ಕಿಕ್ಕಿರಿದದ್ದು. ವರದಿಯಲ್ಲಿ ಸಾಂದ್ರತೆಯ ಜೊತೆಗೆ, ಆ ವರ್ಷ ಸುತ್ತಲಿನ ಕಾಡು ಎಷ್ಟು ಉಳಿದಿತ್ತು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.