ಎರಡು ಕ್ಯಾಮೆರಾ, ಒಂದೇ ಟೈಮ್‌ಕೋಡ್

ಸಿದ್ಧಗಂಗೆಯ ತೇರನ್ನು ಎರಡು ಕ್ಯಾಮೆರಾದಲ್ಲಿ ಹಿಡಿಯುವುದಾದರೆ ಜಾತ್ರೆಯ ನೂಕುನುಗ್ಗಲಿಗೆ ಇಳಿಯುವ ಮುನ್ನವೇ ಗಡಿಯಾರ ಹೊಂದಿಸಿ. ಮೊದಲು ಟೈಮ್ ಝೋನ್ +5:30, ಆಮೇಲೆ ದಿನಾಂಕ, ಸಮಯ.

ಎರಡರಲ್ಲೂ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25 ಇರಲಿ. ಒಂದು 25, ಇನ್ನೊಂದು 29.97 ಆದರೆ ಮುಂದಿನದೆಲ್ಲ ದಂಡ. ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮಿಗೂ ಬೀಳುವ ಸಮಯದ ಅಂಕಿ. ಅದರ ಮೆನುವಿನಲ್ಲಿ ‘ಫ್ರೀ ರನ್’ ಆರಿಸಿ. ‘ರೆಕ್ ರನ್’ ಇಟ್ಟರೆ ರೆಕಾರ್ಡಿಂಗ್ ನಿಂತಾಗ ಎಣಿಕೆಯೂ ನಿಲ್ಲುತ್ತದೆ, ತಾಳ ತಪ್ಪುತ್ತದೆ.

ಮೊದಲ ಕ್ಯಾಮೆರಾದ ಟಿಸಿ (ಟೈಮ್‌ಕೋಡ್) ಔಟ್‌ನಿಂದ ಎರಡನೆಯದರ ಟಿಸಿ ಇನ್‌ಗೆ ಬಿಎನ್‌ಸಿ ಕೇಬಲ್ ಸಿಕ್ಕಿಸಿ. ಕೆಲವು ಮಾದರಿಗಳಲ್ಲಿ ಎರಡಕ್ಕೂ ಒಂದೇ ಕಿಂಡಿ. ಇನ್/ಔಟ್ ಸ್ವಿಚ್ ನೋಡಿಕೊಳ್ಳಿ, ಎಡವುವುದು ಅಲ್ಲೇ. ಅಂಕಿ ಒಂದಾದ ಮೇಲೆ ಕೇಬಲ್ ಕಳಚಬಹುದು. ಆದರೆ ಒಳಗೆ ಗಡಿಯಾರ ನಡೆಸುವ ಕ್ರಿಸ್ಟಲ್‌ಗಳ ವೇಗ ಒಂದೇ ಇರುವುದಿಲ್ಲ, ಗಂಟೆಗಳು ಕಳೆದಂತೆ ಫ್ರೇಮ್ ಜಾರುತ್ತದೆ. ಊಟದ ಹೊತ್ತಿಗೆ ಮತ್ತೊಮ್ಮೆ ಸಿಕ್ಕಿಸಿ. ಬ್ಯಾಟರಿ ಬದಲಿಸಿದಾಗಲೂ ಅಷ್ಟೇ.