ಎಲ್‌ಡಿಆರ್ ಹಾಕಿ ಟ್ರೆಮೊಲೊ ಕಟ್ಟಿದ ಅನುಭವ

ಟ್ರೆಮೊಲೊ ಅಂದರೆ ಗಿಟಾರ್ ವಾಲ್ಯೂಮ್ ಒಂದೇ ಲಯದಲ್ಲಿ ಏರಿ ಇಳಿಯುವುದು, ಅಷ್ಟೇ. ಪಿಚ್ ಬದಲಾಗುವುದಿಲ್ಲ. 1960ರ ದಶಕದ ಫೆಂಡರ್ ಆಂಪ್‌ಗಳಲ್ಲಿ ನಿಯಾನ್ ಬಲ್ಬಿನ ಪಕ್ಕ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಇಟ್ಟು ಇದನ್ನು ಮಾಡುತ್ತಿದ್ದರು. ನನ್ನದು 9 ವೋಲ್ಟ್ ಬ್ಯಾಟರಿಯ ಪೆಡಲ್, ಅಂದರೆ ಕಾಲಲ್ಲಿ ಒತ್ತಿ ಆನ್ ಮಾಡುವ ಪೆಟ್ಟಿಗೆ. ನಿಯಾನ್ ಹೊತ್ತಲು ಅಷ್ಟು ವೋಲ್ಟ್ ಸಾಲದು. ಹಾಗಾಗಿ ನಿಯಾನ್ ಬದಲು ಕೆಂಪು ಎಲ್‌ಇಡಿ.

ಇಡೀ ಸರ್ಕ್ಯೂಟ್‌ನಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದು ಎಲ್‌ಡಿಆರ್ ಆರಿಸುವುದರಲ್ಲಿ. ಬೆಳಕು ಬಿದ್ದರೆ ಅದರ ರೆಸಿಸ್ಟೆನ್ಸ್ ತಟ್ಟನೆ ಇಳಿಯುತ್ತದೆ. ಬೆಳಕು ಹೋದ ಮೇಲೆ ಮಾತ್ರ ನಿಧಾನಕ್ಕೆ ಏರುತ್ತದೆ. ಈ ಸೋಮಾರಿತನವೇ ನಮಗೆ ಬೇಕಾದದ್ದು. ವಾಲ್ಯೂಮ್ ಮೆತ್ತಗೆ ಮರಳುವುದು ಅದರಿಂದಲೇ. ಆದರೆ ತೀರಾ ಸೋಮಾರಿಯಾದರೆ ವೇಗ ಹೆಚ್ಚಿಸಿದಾಗ ಅದು ಮೇಲೆ ಬರುವಷ್ಟರಲ್ಲಿ ಮುಂದಿನ ಬೆಳಕು ಬಿದ್ದಿರುತ್ತದೆ, ಏರಿಳಿತವೇ ಸಪ್ಪೆಯಾಗುತ್ತದೆ. ಒಂದೇ ಪ್ಯಾಕೆಟ್ಟಿನ ಎಲ್‌ಡಿಆರ್‌ಗಳೂ ಒಂದೇ ಥರ ಇರುವುದಿಲ್ಲ. ಪ್ರತಿಯೊಂದನ್ನೂ ಮಲ್ಟಿಮೀಟರಿಗೆ ಹಚ್ಚಿ, ಬೆಳಕು ತೋರಿಸಿ, ಮುಚ್ಚಿ, ಎಷ್ಟು ಬೇಗ ಮೇಲೇರುತ್ತದೆ ನೋಡಿದೆ. ಬೇಗ ಏರಿದ್ದನ್ನು ಇಟ್ಟುಕೊಂಡೆ.

ಎಲ್‌ಇಡಿ ಮತ್ತು ಎಲ್‌ಡಿಆರ್ ಎರಡನ್ನೂ ಮುಖಾಮುಖಿ ಇಟ್ಟು ಕಪ್ಪು ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗುವ) ಟ್ಯೂಬಿನಲ್ಲಿ ಸೇರಿಸಿದೆ. ತುದಿಗಳನ್ನೂ ಮುಚ್ಚಬೇಕು. ಕೋಣೆಯ ದೀಪದ ಬೆಳಕು ಒಳಗೆ ಸೋರಿದರೆ ಹಮ್, ಅಂದರೆ ಗುಂಯ್ ಸದ್ದು, ಬರುತ್ತದೆ, ಯಾಕೆಂದರೆ ಮೇನ್ಸ್ ದೀಪವೂ ಮಿಣುಕುತ್ತಲೇ ಇರುತ್ತದಲ್ವಾ.

ಎಲ್‌ಇಡಿಯ ಬೆಳಕನ್ನು ಏರಿಳಿಸಲು ಟಿಎಲ್072 ಆಪ್ ಆಂಪ್ (ಆಂಪ್ಲಿಫೈಯರ್ ಐಸಿ)ನ ಎರಡು ಭಾಗ: ಒಂದು ಸ್ಮಿಟ್ ಟ್ರಿಗರ್ (ವೋಲ್ಟೇಜ್ ಒಂದು ಮಿತಿ ದಾಟಿದಾಗ ಪಲ್ಟಿ ಹೊಡೆಯುವುದು), ಇನ್ನೊಂದು ಇಂಟಿಗ್ರೇಟರ್ (ಆ ಪಲ್ಟಿಗಳನ್ನು ಓರೆಯಾಗಿ ಏರಿಳಿಯುವ ಅಲೆ ಮಾಡುವುದು). ಟ್ರಿಗರಿನ ರೆಸಿಸ್ಟರ್‌ಗಳು 10 ಕೆ ಮತ್ತು 20 ಕೆ (ಕೆ ಅಂದರೆ ಕಿಲೋ ಓಮ್). ಇಂಟಿಗ್ರೇಟರಿಗೆ 1 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್, 47 ಕೆ, ಅದರ ಜೊತೆ ಸ್ಪೀಡಿಗೆ 250 ಕೆ ಪಾಟ್ (ತಿರುಗಿಸುವ ರೆಸಿಸ್ಟರ್). ಸೆಕೆಂಡಿಗೆ ಹೆಚ್ಚುಕಮ್ಮಿ 2ರಿಂದ 10 ಸಲ ಏರಿಳಿಯುತ್ತದೆ, ಇಷ್ಟು ಸಾಕು. ಬರುವ ತ್ರಿಕೋನ ಅಲೆ ಸುಮಾರು 3 ವೋಲ್ಟಿಗಿಂತ ಕೆಳಗೆ ಇಳಿಯುವುದಿಲ್ಲ, ಒಂದೇ ಎಲ್‌ಇಡಿ ಇದ್ದರೆ ಅದು ಆರುವುದೇ ಇಲ್ಲ. ಅದಕ್ಕೆ ಎರಡು ಕೆಂಪು ಎಲ್‌ಇಡಿ ಸೀರೀಸಿನಲ್ಲಿ ಹಾಕಿ, 1 ಕೆ ಜೋಡಿಸಿದೆ. ಎರಡನೆಯದು ಪೆಟ್ಟಿಗೆಯ ಮೇಲೆ ಕೂತು ವೇಗ ತೋರಿಸುತ್ತದೆ. ಒಂದು ಕಲ್ಲಿಗೆ ಎರಡು ಹಕ್ಕಿ.

ಗಿಟಾರ್ ಸಿಗ್ನಲ್ ದಾರಿ ಸರಳ. ಬಫರ್ (ಗಿಟಾರಿನ ಸಿಗ್ನಲ್ ಕುಗ್ಗದಂತೆ ಮುಂದೆ ದಾಟಿಸುವ ಹಂತ), ಕೆಪಾಸಿಟರ್, 47 ಕೆ, ಅಲ್ಲಿಂದ ಎಲ್‌ಡಿಆರ್ ಮೂಲಕ ಗ್ರೌಂಡಿಗೆ. ಬೆಳಕು ಬಿದ್ದಾಗ ಸಿಗ್ನಲ್ ಗ್ರೌಂಡಿಗೆ ಹರಿದು ಶಬ್ದ ಇಳಿಯುತ್ತದೆ. ಎಲ್‌ಡಿಆರ್ ಜೊತೆ ಸೀರೀಸಿನಲ್ಲಿರುವ ಇನ್ನೊಂದು 250 ಕೆ ಪಾಟ್ ಏರಿಳಿತದ ಆಳ ಹೊಂದಿಸುತ್ತದೆ. ಎಲ್‌ಡಿಆರ್ ಮೇಲೆ ಡಿಸಿ (ಬದಲಾಗದ ವೋಲ್ಟೇಜ್) ನಿಲ್ಲಬಾರದು, ನಿಂತರೆ ಪ್ರತಿ ಏರಿಳಿತಕ್ಕೂ ದಬ್ ದಬ್ ಅನ್ನುತ್ತದೆ. ಆದ್ದರಿಂದ ಎರಡೂ ಕಡೆ ಕೆಪಾಸಿಟರ್ ಇರಲಿ. ಕೊನೆಗೆ ಎರಡರಷ್ಟು ಗೇನ್ ಕೊಡುವ, ಅಂದರೆ ಸಿಗ್ನಲ್ ಇಮ್ಮಡಿ ಮಾಡುವ, ಒಂದು ಹಂತ ಇಟ್ಟಿದ್ದೇನೆ. ಇಲ್ಲದಿದ್ದರೆ ಪೆಡಲ್ ಆನ್ ಮಾಡಿದ ಕೂಡಲೇ ಒಟ್ಟು ಶಬ್ದ ಕುಗ್ಗಿದ ಹಾಗೆ ಕೇಳಿಸುತ್ತದೆ.

ಟ್ರೆಮೊಲೊ ಕಟ್ಟಿದವರಿಗೆ ಕಾಡುವುದು ಟಿಕ್ ಟಿಕ್ ಸದ್ದು. ಟ್ರಿಗರ್ ಪಲ್ಟಿ ಹೊಡೆದಾಗಲೆಲ್ಲ ಕರೆಂಟ್ ಜಿಗಿದು ಆಡಿಯೋ ಗ್ರೌಂಡಿಗೆ ಸೇರುತ್ತದೆ. ಏರಿಳಿತದ ಭಾಗಕ್ಕೆ ಬೇರೆಯೇ ಐಸಿ ಇಟ್ಟೆ. ಅದರ ಸಪ್ಲೈಗೆ 100 ಓಮ್, 100 ಮೈಕ್ರೊಫ್ಯಾರಡ್ ಫಿಲ್ಟರ್ ಹಾಕಿದೆ. ಅದರ ಗ್ರೌಂಡ್ ವೈರನ್ನು ನೇರ ಬ್ಯಾಟರಿ ತುದಿಗೇ ಎಳೆದೆ, ಆಡಿಯೋ ಗ್ರೌಂಡಿನ ಮೂಲಕ ಅಲ್ಲ. ಈ ಮೂರರಲ್ಲಿ ಒಂದನ್ನೇ ಮಾಡಲು ಟೈಮ್ ಇದ್ದರೆ ಕೊನೆಯದನ್ನು ಮಾಡಿ.