ನೆನೆದ ತೋಟಾ ತೋರಿಸಿಕೊಟ್ಟದ್ದು

ಎರಡು ವರ್ಷದ ಹಿಂದೆ ಕೊಡಗಿನ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್ ದಿನ ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನನ್ನ ಸರದಿ ಬಂತು. ಅಜ್ಜನ ಜೋಡಿ ನಳಿಗೆ ಕೋವಿಯನ್ನು ಹೆಗಲಿಗೇರಿಸಿ ಟ್ರಿಗರ್ ಎಳೆದೆ. ‘ಟಿಕ್’ ಅಂದಿತು, ಅಷ್ಟೆ. ಮಳೆಗಾಲವಿಡೀ ಬೀರುವಿನಲ್ಲಿ ತೇವ ಕುಡಿದಿದ್ದ ಹಳೇ ತೋಟಾ ಸಿಡಿಯಲಿಲ್ಲ. ಆದರೆ ಕೋವಿಯ ಮೂತಿ ಒಂದು ಗೇಣು ಕೆಳಗೆ ಬಾಗಿತ್ತು, ನನ್ನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಸದ್ದಿಲ್ಲ, ಕೋವಿ ಹೆಗಲಿಗೆ ಕೊಡುವ ಒದೆಯಿಲ್ಲ, ಆದರೂ ನಾನು ಬೆಚ್ಚಿಬಿದ್ದಿದ್ದೆ. ಹಿಂದೆ ನಿಂತವರೆಲ್ಲ ನೋಡಿದರು. ನಕ್ಕರು ಕೂಡ.

(ತೋಟಾ ಹೀಗೆ ಕೈಕೊಟ್ಟಾಗ ಅದನ್ನು ತೆಗೆಯಲು ತಕ್ಷಣ ಕೋವಿ ಮಡಚಬೇಡಿ. ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷವಾದರೂ ಕಾಯಿರಿ. ಅವತ್ತು ನಾನು ಕಾಯಲಿಲ್ಲ. ಭಾವ ಬೈದರು, ಸರಿಯಾಗಿಯೇ ಬೈದರು.)

ಅಲ್ಲಿಯವರೆಗೆ ನನ್ನ ಗುರಿ ಸರಿಯಿಲ್ಲ ಎಂದುಕೊಂಡಿದ್ದೆ. ಗುರಿ ಚೆನ್ನಾಗಿಯೇ ಇತ್ತು, ಕೊನೆಯ ಗಳಿಗೆಯಲ್ಲಿ ನಾನೇ ಕೆಡಿಸುತ್ತಿದ್ದೆ. ಸದ್ದು, ಒದೆ ಬರುವುದು ಮೈಗೆ ಮೊದಲೇ ಗೊತ್ತು. ಅದಕ್ಕೇ ಬೆರಳು ಟ್ರಿಗರನ್ನು ಕಿತ್ತುಕೊಳ್ಳುವ ಹಾಗೆ ಎಳೆಯುತ್ತದೆ, ಹೆಗಲು ಮುಂದಕ್ಕೆ ನುಗ್ಗುತ್ತದೆ, ಮೂತಿ ಕೆಳಗಿಳಿಯುತ್ತದೆ. ನಳಿಗೆ ಒಂದೇ ಒಂದು ಡಿಗ್ರಿ ಬಾಗಿದರೂ 30 ಮೀಟರ್ ದೂರದಲ್ಲಿ ಈಡು ಅರ್ಧ ಮೀಟರ್ ಕೆಳಗೆ ಹೋಗುತ್ತದೆ. ತೆಂಗಿನಕಾಯಿ ಎಷ್ಟು ದಪ್ಪ ಇರುತ್ತದೆ ಹೇಳಿ.

ಹೆಚ್ಚಾಗಿ ಸಿಕ್ಕ ಸಲಹೆ: “ಇನ್ನೂ ನಾಲ್ಕು ಡಬ್ಬಿ ತೋಟಾ ಹೊಡಿ, ತನ್ನಷ್ಟಕ್ಕೆ ಸರಿಹೋಗ್ತದೆ.” ಹೊಡೆದೆ. ಹೆಗಲು ನೀಲಿಗಟ್ಟಿತು, ಬೆಚ್ಚುವುದು ಹೆಚ್ಚಾಯಿತು. ಪ್ರತಿ ಒದೆಯೂ ಮುಂದಿನ ಒದೆಗೆ ಹೆದರಲು ಮೈಗೆ ಪಾಠ ಹೇಳುತ್ತಿತ್ತು. ನನ್ನ ಪಾಲಿಗಂತೂ ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. “ಹೆಂಗಸರಿಗೆ ಹನ್ನೆರಡು ಬೋರ್ (ನನ್ನ ಕೋವಿಯ ನಳಿಗೆಯ ಅಳತೆ) ಆಗುವುದಿಲ್ಲ” ಎಂಬುದು ಎರಡನೆಯದು.

ಮೊದಲು ಸರಿಪಡಿಸಿದ್ದು ಕೋವಿಯನ್ನು. ಅಜ್ಜ ಆರಡಿ ಆಳು, ನಾನು ಐದಡಿ ಒಂದಿಂಚು. ಮೊಣಕೈ ಮಡಚಿ ಕೋವಿಯ ಹಿಡಿಯ (ಹೆಗಲಿಗೆ ಆನಿಸುವ ಮರದ ಭಾಗ) ಹಿಂಬದಿಯನ್ನು ಮಡಿಕೆಗೆ ತಾಗಿಸಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ನನಗೆ ಬೆರಳ ತುದಿಯೂ ಎಟುಕುತ್ತಿರಲಿಲ್ಲ. ಹಿಡಿ ಉದ್ದವಾದ್ದರಿಂದ ಅದು ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತಿತ್ತು, ಒದೆಯೂ ಅಲ್ಲಿಗೇ. ಒಂದಿಂಚು ಕೊಯ್ಯಿಸೋಣ ಎಂದಾಗ ಅಪ್ಪ, “ಅಜ್ಜನ ಕೋವಿಗೆ ಗರಗಸ ಹಾಕ್ತೀಯಾ?” ಎಂದು ಊಟ ಬಿಟ್ಟು ಎದ್ದರು. ವಾರದ ನಂತರ ಅವ್ವನೇ ತೀರ್ಮಾನ ಹೇಳಿದಳು: “ಅಜ್ಜ ಈಗ ಹೊಡೆಯುವುದಿಲ್ಲವಲ್ಲ.” ಆಚಾರಿ ಕೊಯ್ದು ತೆಗೆದ ಆ ತುಂಡು ಈಗಲೂ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪದ ಪಕ್ಕದ ಗೂಡಿನಲ್ಲಿದೆ. ಅಪ್ಪ ಇಟ್ಟದ್ದು.

ಎರಡನೆಯದು ಕಿವಿ. ನಾನು ಹೆದರುತ್ತಿದ್ದದ್ದು ಒದೆಗಿಂತ ಹೆಚ್ಚಾಗಿ ಸದ್ದಿಗೆ. ಹತ್ತಿ ತುರುಕಿಕೊಂಡರೆ ಏನೂ ಸಾಲದು. ಹನ್ನೆರಡು ಬೋರಿನ ಸದ್ದು ಕಿವಿಯ ಹತ್ತಿರ 150 ಡೆಸಿಬೆಲ್ ದಾಟುತ್ತದೆ, ಕಿವಿಗೆ ಖಾಯಂ ಪೆಟ್ಟು. ಕಿವಿಯೊಳಗೆ ಪ್ಲಗ್, ಮೇಲೆ ಇಯರ್ ಮಫ್ ಹಾಕಿಕೊಂಡ ದಿನವೇ ಅರ್ಧ ಬೆಚ್ಚುವಿಕೆ ಇಳಿಯಿತು. ಇಷ್ಟು ವರ್ಷ ಇದನ್ನು ಯಾರೂ ಯಾಕೆ ಹೇಳಲಿಲ್ಲವೋ. ಊರಿನ ಹಳೇ ಈಡುಗಾರರಲ್ಲಿ ಬಹಳ ಮಂದಿಗೆ ಎರಡು ಸಲ ಕೂಗದೆ ಕೇಳಿಸುವುದಿಲ್ಲ, ಪ್ರಾಯವೊಂದೇ ಅದಕ್ಕೆ ಕಾರಣವಲ್ಲ.

ಉಳಿದರ್ಧಕ್ಕೆ ತಮ್ಮ ಬೇಕಾದ. ಕಾಫಿ ಕುಯ್ಲು ಮುಗಿದ ಮೇಲೆ ಭಾನುವಾರ ಸಂಜೆ, ಗದ್ದೆಯ ಅಂಚಿನಲ್ಲಿ, ಎದುರಿಗೆ ಎರಡಾಳೆತ್ತರದ ಮಣ್ಣಿನ ಬರೆ ಇರುವ ಕಡೆ. ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಅವನು ಒಂದೇ ನಳಿಗೆಗೆ ತೋಟಾ ಹಾಕಿ, ಕೋವಿ ಮುಚ್ಚಿ, ಮೂತಿ ಬರೆಯ ಕಡೆಗೇ ಇಟ್ಟು ಕೊಡುತ್ತಿದ್ದ. ಒಳಗಿರುವುದು ನಿಜವಾದ ತೋಟಾವೋ ಸಿಡಿಯದ ಡಮ್ಮಿಯೋ ನನಗೆ ಗೊತ್ತಿಲ್ಲ. ಎಷ್ಟು ಸಲ ಯಾವುದು ಎಂಬುದು ಅವನ ಇಷ್ಟ. ಮೊದಲ ದಿನ ಹತ್ತರಲ್ಲಿ ನಾಲ್ಕು ಡಮ್ಮಿ, ನಾಲ್ಕಕ್ಕೆ ನಾಲ್ಕೂ ಸಲ ಮೂತಿ ಕುಕ್ಕಿತು. “ಅಕ್ಕ, ಬರೆಗೆ ನಮಸ್ಕಾರ ಮಾಡಿದ್ದು ಸಾಕು” ಅಂದ. ಆದರೆ ಕುಕ್ಕಿದ್ದು ಕಣ್ಣಿಗೆ ಕಾಣುವುದೇ ಇಲ್ಲಿನ ಗುಟ್ಟು. ನಿಜವಾದ ಈಡಿನಲ್ಲಿ ಒದೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಐದಾರು ಭಾನುವಾರದ ಹೊತ್ತಿಗೆ ಡಮ್ಮಿಯಲ್ಲಿ ನಳಿಗೆಯ ತುದಿಯ, ಗುರಿ ನೋಡುವ ಮಣಿ ಕದಲದೆ ನಿಲ್ಲತೊಡಗಿತು. ಹತ್ತು ಸಲಕ್ಕಿಂತ ಹೆಚ್ಚು ಯಾವತ್ತೂ ಮಾಡಲಿಲ್ಲ. ದಣಿದರೆ ಹಳೇ ಚಾಳಿ ಮರಳಿ ಬರುತ್ತದೆ.

ಮತ್ತೆ ಮಳೆ ಹಿಡಿಯಿತು. ನಾಟಿ ಶುರುವಾದರೆ ಕೈಲ್ ಪೊಳ್ದ್‌ನಲ್ಲಿ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಆಗುವವರೆಗೆ ನಮ್ಮ ಮನೆಯಲ್ಲಿ ಕೋವಿ ಮುಟ್ಟುವ ಹಾಗಿಲ್ಲ. ಏರ್ ರೈಫಲ್ ಕೋವಿಯಲ್ಲ ಎಂದು ಅವ್ವನನ್ನು ಒಪ್ಪಿಸಿದೆ. ಕಕ್ಕಡ ತಿಂಗಳ ಮಳೆ ಜಡಿಯುವಾಗ ಕೈಯಾಲೆಯ (ಮನೆಯ ಜಗಲಿ) ಒಂದು ತುದಿಯಲ್ಲಿ ನಿಂತು, ಇನ್ನೊಂದು ತುದಿಯಲ್ಲಿ ಮರಳು ತುಂಬಿದ ಪೆಟ್ಟಿಗೆಗೆ ಕಾಗದ ಅಂಟಿಸಿ ಹೊಡೆಯುತ್ತಿದ್ದೆ. ಇಲ್ಲಿ ಕಲಿತದ್ದು ಬೆರಳು ಒಂದನ್ನೇ. ಟ್ರಿಗರನ್ನು ಎಳೆಯುವುದಲ್ಲ, ಮಾಗಿದ ಕಾಫಿ ಹಣ್ಣಿನಿಂದ ಬೀಜ ಜಾರಿಸುವಾಗ ಒತ್ತುತ್ತೇವಲ್ಲ, ಹಾಗೆ ಒಂದೇ ಸಮನೆ ಒತ್ತುತ್ತಾ ಹೋಗುವುದು. ಯಾವಾಗ ಸಿಡಿಯುತ್ತದೆ ಎಂದು ನನಗೇ ಗೊತ್ತಾಗಬಾರದು. ಕೆಲವರು ನಳಿಗೆಯ ಮೇಲೆ ನಾಣ್ಯ ಇಟ್ಟು, ಖಾಲಿ ಕೋವಿಯಲ್ಲಿ ಅದು ಬೀಳದಂತೆ ಒತ್ತಿ ಕಲಿಯುತ್ತಾರೆ. ಹಾಗೆ ಮಾಡುವುದಾದರೆ ಕೋವಿ ಮಡಚಿ ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಹಳೇ ಕೋವಿಗೆ ಡಮ್ಮಿ ಹಾಕದೆ ಟಿಕ್ ಟಿಕ್ ಅನಿಸಿದರೆ ಒಳಗಿನ ಪಿನ್ ಮುರಿಯಬಹುದು.

ಮರುವರ್ಷದ ಸ್ಪರ್ಧೆಯಲ್ಲಿ ಮೂರು ಈಡಿಗೆ ಒಂದು ಕಾಯಿ ಒಡೆಯಿತು. ಬಹುಮಾನ ಬರಲಿಲ್ಲ. ತಪ್ಪಿದ ಎರಡರಲ್ಲಿ ಒಂದು ಗಾಳಿಗೆ ಕಾಯಿ ಓಲಾಡುತ್ತಿದ್ದಾಗ ಆತುರಪಟ್ಟದ್ದು; ಇನ್ನೊಂದು ಯಾಕೆ ತಪ್ಪಿತೋ. ಆದರೆ ಮೂರರಲ್ಲೂ ಕಣ್ಣು ತೆರೆದೇ ಇತ್ತು. ಕಾಯಿ ಚೂರಾಗಿ ನೀರು ಚಿಮ್ಮಿದ್ದನ್ನು ನಾನೇ ಕಂಡೆ. ಹಿಂದೆಲ್ಲ ಬೇರೆಯವರು ಹೇಳಿದ ಮೇಲೆ ತಿಳಿಯುತ್ತಿತ್ತು.

ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಮಾತ್ರ ಬೇರೆ. ಗದ್ದೆಯಲ್ಲಿ ಕದಿರು ಕೊಯ್ಯುವ ಗಳಿಗೆಗೆ ಆಕಾಶಕ್ಕೆ ಈಡು ಹೊಡೆಯುವ ಕೆಲಸ ಈ ಸಲ ನನಗೆ ಬಂತು. ಮಫ್ ಹಾಕಿಕೊಂಡರೆ “ಪೊಲಿ ಪೊಲಿ ದೇವಾ” ಎಂಬ ಕೂಗು ಕೇಳಿಸುವುದಿಲ್ಲ. ತೆಗೆದಿಟ್ಟೆ. ಬೆಚ್ಚಿದೆ.